ಗಟಾರದ ನೀರಿನಲ್ಲಿ ರಾಜಹಂಸ

"ದಸರಾ ಸಂಚಿಕೆಗೆ ಏನಾದರೂ ಬರೆದುಕೊಡಿ ಡಾಕ್ಟ್ರೇ" ಎಂದು ನಮ್ಮ ಸಂಪಾದಕರು ಫೋನ್ ಮಾಡಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಸಕ್ಕರೆ ಕಾಯಿಲೆ, ಇಲ್ಲವೇ ಕಿಡ್ನಿ ಕಲ್ಲು ಎಂದು ನನಗೆ ಗೊತ್ತು. ಹಿಂದಿನ ಸಂಚಿಕೆಗಳಲ್ಲಿ ಅವನ್ನೇ ಬರೆದು ಸದಸ್ಯರ ಹಬ್ಬದೂಟದ ರುಚಿ ಸಾಕಷ್ಟು ಕೆಡಿಸಿದ್ದೇನೆ. ಈ ಸಲ ಅದು ಬೇಡ. ಒಂದು ಹಕ್ಕಿಯಿಂದ ಶುರುಮಾಡಿ, ನಾನೇ ಮಾಡಿದ ಒಂದು ತಪ್ಪಿನವರೆಗೆ ಹೋಗುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ನಮ್ಮ ಅವ್ವ ಬಂದಿದ್ದಳು. ಎಂಬತ್ತೆರಡು ವರ್ಷ. ದುಬೈನ ಮಾಲುಗಳನ್ನು ತೋರಿಸಿದ್ದಾಯಿತು, ಬುರ್ಜ್ ಖಲೀಫಾ ತೋರಿಸಿದ್ದಾಯಿತು. "ಎಲ್ಲಾ ಬರೇ ಗಾಜ ಐತಲ್ಲೋ ತಮ್ಮಾ, ಒಂದು ಗಿಡದ ನೆರಳಿಲ್ಲ" ಎಂದು ಬೇಸರಪಟ್ಟುಕೊಂಡಳು. ಆದ್ದರಿಂದ ಒಂದು ಶನಿವಾರ ನಾಲ್ಕು ಕುಟುಂಬಗಳು ಸೇರಿ, ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು, ಅಬುಧಾಬಿಯ ಹತ್ತಿರದ ಅಲ್ ವತ್ಬಾ ಕೆರೆಗೆ ಹೋದೆವು. ಬಟ್ಟಬಯಲಿನ ಮರಳುಗಾಡಿನ ನಡುವೆ ಅಗಲವಾದ ತೆಳು ನೀರು. ಅದರಲ್ಲಿ ನೂರಾರು ಫ್ಲೆಮಿಂಗೋಗಳು, ಅಂದರೆ ನಮ್ಮ ರಾಜಹಂಸಗಳು, ತಲೆ ಕೆಳಗೆ ಮಾಡಿ ಮೇಯುತ್ತಿದ್ದವು. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಲ್ಲಿ ಹೊಳಿ ಇಲ್ಲ, ಮಳಿ ಇಲ್ಲ. ಈ ನೀರು ಎಲ್ಲಿಂದ ಬಂತು?" ಎಂದು ಕೇಳಿದಳು.

ನಾನು ಯೋಚಿಸದೆ ನಿಜ ಹೇಳಿಬಿಟ್ಟೆ. "ಅಬುಧಾಬಿ ಊರಿನವರ ಬಚ್ಚಲು, ಪಾಯಖಾನೆ ನೀರು ಅವ್ವಾ. ಶುದ್ಧ ಮಾಡಿ ಬಿಟ್ಟದ್ದು."

ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡಳು. "ಗಟಾರ ನೀರೇನು? ಇಷ್ಟು ಚೆಂದನ ಹಕ್ಕಿ ಗಟಾರ ನೀರಾಗ ನಿಂತಾವೇನು? ಬುತ್ತಿ ಬಿಚ್ಚೂಕಿಂತ ಮೊದಲ ಹೇಳಬೇಕಿಲ್ಲೇನು!" ಮಕ್ಕಳೆಲ್ಲ ನಕ್ಕರು. ಊಟವನ್ನು ಕಾರಿನಲ್ಲೇ ಮಾಡಿದೆವು.

ಆದರೆ ನಿಜವಾಗಿಯೂ ನಡೆದದ್ದು ಇಷ್ಟೇ. ಅದು ಮೊದಲು ಸಬ್ಖಾ, ಅಂದರೆ ಉಪ್ಪು ಚೌಳು ನೆಲ. ಮಫ್ರಾಕ್‌ನ ಶುದ್ಧೀಕರಣ ಘಟಕದಿಂದ ಹೆಚ್ಚಾದ ನೀರು ಅಲ್ಲಿಗೆ ಹರಿದು ನಿಂತಿತು. ನಿಂತ ನೀರಿನಲ್ಲಿ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿ ಹುಟ್ಟಿತು. ಅದನ್ನು ತಿನ್ನಲು ರಾಜಹಂಸ ಬಂತು. ಅದರ ರೆಕ್ಕೆಯ ಗುಲಾಬಿ ಬಣ್ಣ ಕೂಡ ಆ ಆಹಾರದ್ದೇ. ನಮ್ಮ ಗಜ್ಜರಿಯಲ್ಲಿ ಇರುವಂಥದೇ ಬಣ್ಣದ ಅಂಶ. 1998ರಲ್ಲಿ ಅವು ಅಲ್ಲಿ ಗೂಡು ಕಟ್ಟಿ ಮರಿ ಮಾಡಿದವು. ಅದೇ ವರ್ಷ ಶೇಖ್ ಜಾಯೆದ್ ಅವರು ಆ ಜಾಗವನ್ನು ರಕ್ಷಿತ ಪ್ರದೇಶವೆಂದು ಸಾರಿದರು. 2013ರಲ್ಲಿ ಅದು ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಊರು ಬೇಡವೆಂದು ಬಿಟ್ಟ ನೀರು ಹೀಗೆ ಹಕ್ಕಿಗಳ ತವರಾಯಿತು.

ದುಬೈನಲ್ಲಿರುವವರಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ರಾಸ್ ಅಲ್ ಖೋರ್ ರಸ್ತೆಯಲ್ಲಿ ಆಫೀಸಿಗೆ ಹೋಗುವ ಸದಸ್ಯರು ಎಷ್ಟೋ ಜನ ಇದ್ದೀರಿ. ಖೋರ್ ಎಂದರೆ ಸಮುದ್ರದಿಂದ ಒಳಕ್ಕೆ ಚಾಚಿದ ಹಿನ್ನೀರು, ನಾವು ‘ಕ್ರೀಕ್’ ಎನ್ನುವುದು. ರಾಸ್ ಎಂದರೆ ತಲೆ. ಆ ಕ್ರೀಕಿನ ತಲೆಯ ಭಾಗವನ್ನು 1985ರಲ್ಲಿಯೇ ಕಾಯ್ದಿರಿಸಿದರು. 2007ರಲ್ಲಿ ಅದು ಈ ದೇಶದ ಮೊದಲ ರಾಮ್ಸಾರ್ ತಾಣವಾಯಿತು. ಸುಮಾರು 620 ಹೆಕ್ಟೇರ್, ಸುತ್ತಲೂ ಹೆದ್ದಾರಿ ಮತ್ತು ಗಗನಚುಂಬಿ ಕಟ್ಟಡಗಳು! ಅಲ್ಲಿ ಕಾಣುವ ಮ್ಯಾಂಗ್ರೋವ್ ತಾನಾಗಿ ಹುಟ್ಟಿದ ಕಾಡಲ್ಲ. 1990ರ ದಶಕದಲ್ಲಿ ಸಸಿ ನೆಟ್ಟು ಬೆಳೆಸಿದ್ದು. ಕುಂದಾಪುರ, ಮಂಗಳೂರಿನ ಸದಸ್ಯರಿಗೆ ಇದು ಹೊಸದಲ್ಲ, ನಿಮ್ಮ ಹಿನ್ನೀರಿನ ಕಾಂಡ್ಲಾ ಗಿಡವೇ. ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನ ಹಾಗೆ ಎದ್ದು ನಿಂತ ಬೇರುಗಳಿಂದ ಅದು ಉಸಿರಾಡುತ್ತದೆ. ಬೇರಿನ ಸಂದಿಯಲ್ಲಿ ಮೀನುಮರಿ, ಏಡಿ, ಮೇಲೆ ಬೆಳ್ಳಕ್ಕಿ.

ಈಗ ಸ್ವಲ್ಪ ನನ್ನ ಕಸುಬಿನ ಮಾತು. ಹುಬ್ಬಳ್ಳಿಯ ಕೆ.ಎಂ.ಸಿ.ಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿ, ಇಪ್ಪತ್ತು ವರ್ಷಗಳಿಂದ ಈ ದೇಶದಲ್ಲಿ ಕಿಡ್ನಿ ಡಾಕ್ಟರಾಗಿದ್ದೇನೆ. ಕಿಡ್ನಿಯ ಕೆಲಸ ಹೊಲಸನ್ನು ಹೊರಗೆ ಹಾಕುವುದು ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಅರ್ಧ ಸತ್ಯ. ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೊರಗೆ ಹೋಗುವುದು ಒಂದೂವರೆ ಎರಡು ಲೀಟರ್ ಮಾತ್ರ. ಮಿಕ್ಕದ್ದನ್ನೆಲ್ಲ, ಬೇಕಾದ ಉಪ್ಪು ಸಕ್ಕರೆಗಳ ಸಮೇತ, ಮೆಲ್ಲಗೆ ಮರಳಿ ಒಳಕ್ಕೆ ತೆಗೆದುಕೊಳ್ಳುತ್ತವೆ. ಕಿಡ್ನಿಯ ಜಾಣತನವೆಲ್ಲ ಇರುವುದು ಈ ಉಳಿಸಿಕೊಳ್ಳುವುದರಲ್ಲಿ. ಊರಿಗೆ ಕೆರೆ, ಜೌಗು, ಮರ ಮಾಡುವ ಕೆಲಸವೂ ಇದೇ. ಬಿದ್ದ ಮಳೆಯನ್ನು ತಡೆದು, ನಿಧಾನಿಸಿ, ಸೋಸಿ, ನೆಲಕ್ಕೆ ಮರಳಿಸುವುದು. ನಾವು ಕಟ್ಟಿದ ಊರುಗಳು ಮಾತ್ರ ಬಂದದ್ದನ್ನೆಲ್ಲ ಪೈಪಿನಲ್ಲಿ ಹೊರಗೆ ತಳ್ಳಲು ಹೊರಟಿವೆ.

ಅಲ್ ವತ್ಬಾದಂಥದೇ ಒಂದು ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ವಿಮಾನ ನಿಲ್ದಾಣದ ದಾರಿಯಲ್ಲಿ ಹೆಬ್ಬಾಳ ದಾಟಿದರೆ ಜಕ್ಕೂರು ಕೆರೆ ಇದೆ. ಸುಮಾರು 160 ಎಕರೆ. ಮೇಲ್ಭಾಗದಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕ. ಶುರುವಿನಲ್ಲಿ ಅದರ ಸಾಮರ್ಥ್ಯ ದಿನಕ್ಕೆ ಒಂದು ಕೋಟಿ ಲೀಟರ್. ಅಲ್ಲಿಂದ ಬಂದ ನೀರನ್ನು ಸೀದಾ ಕೆರೆಗೆ ಬಿಡದೆ, ಆಪು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸುತ್ತಾರೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳನ್ನು ಗಿಡದ ಬೇರು ಮತ್ತು ಅದಕ್ಕೆ ಅಂಟಿಕೊಂಡ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಆಮೇಲೆ ಕೆರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಮೀನು ಹಿಡಿಯುವವರ ತೆಪ್ಪ ಎಲ್ಲವನ್ನೂ ನಾನು ಅಲ್ಲಿ ಕಣ್ಣಾರೆ ನೋಡಿದ್ದೇನೆ. ಅದೇ ಬೆಂಗಳೂರಿನಲ್ಲಿ ಶುದ್ಧವಾಗದ ಕೊಳಚೆಯನ್ನು ನುಂಗಿದ ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಹೊತ್ತಿ ಉರಿದದ್ದನ್ನು ಟಿ.ವಿ.ಯಲ್ಲಿ ನೀವೆಲ್ಲ ನೋಡಿದ್ದೀರಿ. ಎರಡೂ ಕೆರೆಗೆ ಬಂದದ್ದು ನಮ್ಮ ಬಚ್ಚಲ ನೀರೇ!

ಇಷ್ಟು ಹೊತ್ತು ಊರಿಗೆ ಉಪದೇಶ ಮಾಡಿದ್ದಾಯಿತು. ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮಲ್ಲಿ ಬಹಳ ಜನರ ಹಾಗೆ ನಾನೂ ಬೆಂಗಳೂರಿನಲ್ಲಿ ಒಂದು ಸೈಟು ಕೊಂಡೆ. 2006ರಲ್ಲಿ, ಸರ್ಜಾಪುರ ರಸ್ತೆಯ ಕಡೆ, ಅರವತ್ತು ನಲವತ್ತು. ಮಾರಿದವರ ಹೆಸರು ಇಲ್ಲಿ ಬೇಡ. ಇಲ್ಲಿಯ ಹೋಟೆಲೊಂದರಲ್ಲಿ ಅವರು ಏರ್ಪಡಿಸಿದ್ದ ಪ್ರದರ್ಶನದಲ್ಲಿ ಚಹಾ ಕುಡಿದು, ಬಣ್ಣದ ನಕ್ಷೆ ನೋಡಿ, ಮುಂಗಡ ಕೊಟ್ಟುಬಂದೆ. 2011ರಲ್ಲಿ, "ಖಾಲಿ ಬಿಟ್ಟರೆ ಯಾರಾದರೂ ಒಳಗೆ ಬರುತ್ತಾರೆ" ಎಂದು ಎಲ್ಲರೂ ಹೆದರಿಸಿದ ಮೇಲೆ, ನಾಲ್ಕೂ ಕಡೆ ಆರು ಅಡಿ ಗೋಡೆ ಕಟ್ಟಿಸಿ, ಕಬ್ಬಿಣದ ಗೇಟು ಹಾಕಿಸಿ, ಬೀಗದ ಕೈಯನ್ನು ದುಬೈಗೆ ತಂದು ಬೀರುವಿನಲ್ಲಿಟ್ಟು ನಿಶ್ಚಿಂತನಾದೆ.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮರುದಿನ ಐ.ಟಿ. ಕಂಪನಿಗಳ ನೌಕರರು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ಚಿತ್ರಗಳನ್ನು ಇಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಕಳಿಸಿ ನಕ್ಕೆವು. ಮೂರನೆಯ ದಿನ ನನಗೆ ಒಂದು ಫೋನ್ ಬಂತು. ನನ್ನ ಸೈಟಿನ ಮೇಲ್ಗಡೆಯ ಮನೆಯಲ್ಲಿರುವ ನಿವೃತ್ತ ಮೇಷ್ಟ್ರು. ಅವರಿಗೆ ನನ್ನ ನಂಬರು ಸಿಕ್ಕಿದ್ದು ನನ್ನ ಹೆಂಡತಿಯ ತಮ್ಮನಿಂದ.

"ಡಾಕ್ಟ್ರೇ, ತಪ್ಪು ತಿಳೀಬೇಡಿ. ನೀರು ನಿಮ್ಮ ಗೋಡೆಗೆ ಬಂದು ನಿಂತಿತು. ಹೋಗೋಕೆ ದಾರಿ ಇಲ್ಲದೆ ನಮ್ಮನೆಗೆ ನುಗ್ಗಿತು. ಫ್ರಿಜ್ ಹೋದರೆ ಹೋಗಲಿ, ಅದರಲ್ಲಿ ನನ್ನ ಹೆಂಡತಿಯ ಇನ್ಸುಲಿನ್ ಇತ್ತು. ಎರಡು ದಿನ ಹೊರಗೆ ಹೋಗೋಕಾಗಲಿಲ್ಲ. ನಿನ್ನೆ ಆಸ್ಪತ್ರೆಗೆ ಸೇರಿಸಿದ್ದೇವೆ."

ಆ ತಾಯಿ ವಾರದಲ್ಲಿ ಹುಷಾರಾದರು. ಆದರೆ ಇಪ್ಪತ್ತು ವರ್ಷ ರೋಗಿಗಳಿಗೆ "ಇನ್ಸುಲಿನ್ ತಪ್ಪಿಸಬೇಡಿ" ಎಂದು ಹೇಳುತ್ತಾ ಬಂದವನಿಗೆ, ತನ್ನದೇ ಗೋಡೆ ಒಬ್ಬರ ಇನ್ಸುಲಿನ್ ತಪ್ಪಿಸಿತು ಎಂದು ಕೇಳಿದಾಗ ಹೇಗಾಗಿರಬೇಡ!

ಡಿಸೆಂಬರಿನಲ್ಲಿ ರಜೆ ಹಾಕಿ ಹೋದೆ. ಭಾವಮೈದುನ ಎಲ್ಲಿಂದಲೋ ಹಳೆಯ ಗ್ರಾಮನಕ್ಷೆಯ ಪ್ರತಿ ತಂದಿದ್ದ. ಅದರಲ್ಲಿ ನಮ್ಮ ಲೇಔಟಿನ ಮೂಲ ಸರ್ವೆ ನಂಬರಿನ ನಡುವೆ ಎರಡು ಸಣ್ಣ ಗೆರೆಗಳು ಜೋಡಿಯಾಗಿ ಹೋಗಿದ್ದವು. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಹೋಗುವ ಕಾಲುವೆ. ಬೆಂಗಳೂರಿನ ಕೆರೆಗಳು ಸರಪಳಿಯ ಹಾಗೆ ಎನ್ನುವುದು ಶಾಲೆಯಲ್ಲಿ ಓದಿದ ಪಾಠ. ಆ ಭಾಗದಲ್ಲಿಯೇ ಕಸವನಹಳ್ಳಿ ಕೆರೆ ತುಂಬಿದರೆ ಕೈಕೊಂಡ್ರಹಳ್ಳಿಗೆ, ಅದು ತುಂಬಿದರೆ ಸೌಳ್‌ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಹಿಂದೆ ಊರಿನ ನೀರುಗಂಟಿ ತೂಬು, ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ. ಆ ಎರಡು ಗೆರೆಗಳು ನನ್ನ ಸೈಟಿನ ಮೂಲೆಯಿಂದ ಮೂಲೆಗೆ ಹಾದುಹೋಗಿದ್ದವು. ಮಾರಿದವರು ಮಣ್ಣು ತುಂಬಿ ಮಟ್ಟ ಮಾಡಿದ್ದರು. ನಾನು ಅದರ ಮೇಲೆ ಗೋಡೆ ಎಬ್ಬಿಸಿದ್ದೆ. ನೀರು ಮಾತ್ರ ಹಳೆಯ ವಿಳಾಸ ಮರೆತಿರಲಿಲ್ಲ.

ಮರುದಿನ ಕೈಕೊಂಡ್ರಹಳ್ಳಿ ಕೆರೆಯ ಸುತ್ತ ನಡೆದೆವು. 48 ಎಕರೆಯ ಆ ಕೆರೆ 2009ರ ಹೊತ್ತಿಗೆ ಕಸ, ಕೊಳಚೆ ತುಂಬಿ ಸತ್ತಂತಿತ್ತು. ಸುತ್ತಲಿನ ನಿವಾಸಿಗಳು ಪಾಲಿಕೆಯ ಬೆನ್ನು ಬಿದ್ದು, ಜೊತೆಗೂಡಿ ದುಡಿದು ಎರಡು ವರ್ಷಗಳಲ್ಲಿ ಅದಕ್ಕೆ ಜೀವ ತಂದರು. ಏರಿಯ ಮೇಲೆ ಮರಗಳ ನೆರಳು, ನೀರಿನಲ್ಲಿ ನೀರುಕಾಗೆಗಳು. "ಇಷ್ಟು ಚೆನ್ನಾಗಿ ಮಾಡಿದ್ದಾರೆ" ಎಂದೆ. ಭಾವಮೈದುನ, "ಕೆರೆ ಮಾಡಿದ್ದಾರೆ ಭಾವ. ಕೆರೆಗೆ ನೀರು ಬರೋ ದಾರಿಯಲ್ಲಿ ನಿಮ್ಮಂಥವರು ಗೋಡೆ ಕಟ್ಟಿದರೆ ಅವರೇನು ಮಾಡಬೇಕು?" ಎಂದ. ಉತ್ತರ ಹೊಳೆಯಲಿಲ್ಲ. ಕೆರೆಯನ್ನು ಊರಿನವರು ಸೇರಿ ಉಳಿಸಬಹುದು. ಆದರೆ ಕೆರೆಯ ಜಲಾನಯನ ಇರುವುದು ಸಾವಿರಾರು ಖಾಸಗಿ ಸೈಟುಗಳಲ್ಲಿ, ಅವುಗಳ ಬೀಗದ ಕೈ ನಮ್ಮ ಬೀರುಗಳಲ್ಲಿ.

ವಾಪಸು ಬಂದ ಮೇಲೆ ಪರೀಕ್ಷೆ ಎದುರಾಯಿತು. ನಮ್ಮ ಸಂಘದವರೇ ಒಬ್ಬ ಮಿತ್ರರು, ಹೆಸರು ಹೇಳುವುದಿಲ್ಲ, ಆ ಸೈಟನ್ನು ಕೊಳ್ಳಲು ಮುಂದೆ ಬಂದರು. ಒಳ್ಳೆಯ ಬೆಲೆ. ನಮ್ಮ ಮಗಳು ಆ ವರ್ಷ ಹೊರದೇಶದ ಕಾಲೇಜಿಗೆ ಸೇರುವವಳಿದ್ದಳು. ಅವಳ ನಾಲ್ಕು ವರ್ಷದ ಫೀಸು ಅದರಲ್ಲಿ ಮುಗಿಯುತ್ತಿತ್ತು. ಕಾಗದಪತ್ರಗಳೆಲ್ಲ ನೋಡಲು ಸರಿಯಾಗಿಯೇ ಇದ್ದವು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಎರಡು ವಾರ ಸುಮ್ಮನೇ ಇದ್ದೆ. ನನ್ನ ಶ್ರೀಮತಿಯೂ ಒಮ್ಮೆ ಕೇಳಿದಳು: "ನಾವೊಬ್ಬರು ಬಿಟ್ಟರೆ ಬೆಂಗಳೂರು ಉದ್ಧಾರ ಆಗುತ್ತದೆಯೇ?" ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಒಂದು ಶುಕ್ರವಾರ ಆ ಮಿತ್ರರ ಮನೆಗೆ ಹೋದಾಗ ಅವರ ಮಕ್ಕಳು "ಅಂಕಲ್, ನಮ್ಮ ಹೊಸ ಮನೆಯಲ್ಲಿ ನನ್ನ ರೂಮು ಕೆಳಗೆ" ಎಂದು ಚಿತ್ರ ಬರೆದು ತೋರಿಸಿದರು. ಕೆಳಗಿನ ರೂಮು! ಅಲ್ಲೇ ಗ್ರಾಮನಕ್ಷೆಯನ್ನು ಫೋನಿನಲ್ಲಿ ತೆಗೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಊಟ ಮಾಡಿಕೊಂಡೇ ಹೋಗಿ ಡಾಕ್ಟ್ರೇ" ಎಂದರು. ಸೈಟಿನ ಮಾತು ಮತ್ತೆ ಬರಲಿಲ್ಲ. ಮಗಳ ಫೀಸಿಗೆ ಸಾಲ ಮಾಡಿದೆ, ಇನ್ನೂ ಕಟ್ಟುತ್ತಿದ್ದೇನೆ.

2023ರ ಬೇಸಿಗೆಯಲ್ಲಿ ಗೋಡೆಯ ಮೇಲಿನ ಮತ್ತು ಕೆಳಗಿನ ಎರಡು ಬದಿಗಳನ್ನು ಒಡೆಸಿ, ತುಂಬಿದ ಮಣ್ಣು ತೆಗೆಸಿ, ಕಾಲುವೆಯ ಪಾತ್ರವನ್ನು ಗೆರೆ ಇದ್ದ ಹಾಗೆಯೇ ಬಿಡಿಸಿದೆವು. ಎರಡೂ ದಡದಲ್ಲಿ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ ಒಟ್ಟು ಹದಿನಾಲ್ಕು ಸಸಿ ಹಾಕಿದೆವು. ಮೊದಲು ನಾನು ಬೇಗ ಬೆಳೆಯುವ ಯಾವುದಾದರೂ ಇರಲಿ ಎಂದಿದ್ದೆ. ಮೇಷ್ಟ್ರು ಒಪ್ಪಲಿಲ್ಲ. "ಬೇಗ ಬೆಳೀತದೆ ಅಂತ ಬಳ್ಳಾರಿ ಜಾಲಿ ಹಾಕಿ ಅರ್ಧ ಕರ್ನಾಟಕ ಮುಳ್ಳಾಯ್ತು, ಸಾಲದೇ?" ಎಂದರು. ಅಮೆರಿಕ ಖಂಡದಿಂದ ಬಂದ ಆ ಜಾಲಿಯೇ ಇಲ್ಲೂ ಹಬ್ಬಿ ಕಾಟ ಕೊಡುತ್ತಿದೆ. ಮರಗಳ ಲೆಕ್ಕ ಹೆಚ್ಚಾದ ಮಾತ್ರಕ್ಕೆ ಹಕ್ಕಿ ಬರುವುದಿಲ್ಲ. ಆ ನೆಲದ ಮರ ಬೇಕು. ಕಾಲುವೆಯ ದಡಕ್ಕೆ ಹೊಳೆಮತ್ತಿ, ಉಪ್ಪು ಕೆಸರಿಗೆ ಕಾಂಡ್ಲಾ.

ಅಕ್ಕಪಕ್ಕದವರು ಸೊಳ್ಳೆ ಎಂದರು, ಹಾವು ಎಂದರು. ಸೊಳ್ಳೆಯ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ವಾರ ಹತ್ತು ದಿನ ನಿಂತ ನೀರು ಬೇಕು. ನಮ್ಮ ಗುಂಡಿಯಲ್ಲಿ ಎರಡು ದಿನಕ್ಕೆ ನೀರು ಇಂಗುತ್ತದೆ ಎಂದು ಡಾಕ್ಟರ್ ಧ್ವನಿಯಲ್ಲಿ ಸಮಾಧಾನ ಹೇಳಿದೆ. ಹಾವಿನ ವಿಷಯದಲ್ಲಿ ನನ್ನ ಬಳಿ ಸಮಾಧಾನ ಇರಲಿಲ್ಲ. ಒಂದು ಕೇರೆ ಹಾವು ಬಂದಿದೆಯಂತೆ. ಇಲಿ ಕಡಿಮೆಯಾಗಿವೆಯಂತೆ.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡಿದ್ದಾಗ 2024ರ ಏಪ್ರಿಲ್ 16, ಮಂಗಳವಾರ ಬಂತು. ಆ ದಿನವನ್ನು ನಿಮಗೆ ವರ್ಣಿಸಬೇಕಾಗಿಲ್ಲ. 1949ರಿಂದ ಲೆಕ್ಕ ಇಡಲು ತೊಡಗಿದ ಮೇಲೆ ಈ ದೇಶ ಕಂಡ ಅತಿ ಹೆಚ್ಚಿನ ಮಳೆ. ಅಲ್ ಐನ್ ಪ್ರಾಂತದ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನ ತುಂಬುವ ಮೊದಲೇ 254 ಮಿಲಿಮೀಟರ್. ಅಂದು ನಮ್ಮ ಡಯಾಲಿಸಿಸ್ ವಿಭಾಗಕ್ಕೆ ಬರಬೇಕಿದ್ದವರಲ್ಲಿ ಅರ್ಧದಷ್ಟು ಜನ ಬರಲಾಗಲಿಲ್ಲ. ಕಿಡ್ನಿ ನಿಂತವರು ಒಂದು ಸರದಿ ತಪ್ಪಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯವೇ ನಿಂತುಬಿಡಬಹುದು. ಎರಡು ರಾತ್ರಿ ಆಸ್ಪತ್ರೆಯಲ್ಲೇ ಇದ್ದು ಫೋನಿನಲ್ಲಿ ಒಬ್ಬೊಬ್ಬರಿಗೂ "ಹಣ್ಣು ಬೇಡ, ಎಳನೀರು ಬೇಡ, ನೀರು ಕಡಿಮೆ" ಎಂದು ಹೇಳುತ್ತಾ ಕೂತೆ. ಒಬ್ಬ ವೃದ್ಧರನ್ನು ಅವರ ಇಬ್ಬರು ಮಕ್ಕಳು ಸೊಂಟದುದ್ದ ನೀರಿನಲ್ಲಿ ಕುರ್ಚಿ ಸಮೇತ ಹೊತ್ತು ತಂದರು. ದೇವರ ದಯೆ, ನಮ್ಮವರಲ್ಲಿ ಯಾರಿಗೂ ಅನಾಹುತವಾಗಲಿಲ್ಲ.

ಆ ರಾತ್ರಿ ಕಿಟಕಿಯ ಕೆಳಗೆ ನಿಂತ ನೀರು ನೋಡುವಾಗ ಮೇಷ್ಟ್ರ ಧ್ವನಿ ಕಿವಿಯಲ್ಲಿತ್ತು. ಮುಂದೆ ಜೂನ್ ತಿಂಗಳಲ್ಲಿ ದುಬೈ ಸರ್ಕಾರ 3000 ಕೋಟಿ ದಿರ್ಹಮ್‌ಗಳ ಮಳೆನೀರು ಕಾಲುವೆಯ ಯೋಜನೆಯನ್ನು ಪ್ರಕಟಿಸಿತು. 2033ರೊಳಗೆ ಮುಗಿಸುವ ಗುರಿ. ಹಣವಿರುವ ಊರು, ಮಾಡೀತು. ಹಾಗಿದ್ದೂ ಈ ದೇಶ 2030ರ ಹೊತ್ತಿಗೆ ಹತ್ತು ಕೋಟಿ ಕಾಂಡ್ಲಾ ಗಿಡ ನೆಡುವುದಾಗಿ ಹೇಳಿದೆ. ಪೈಪು ಒಂದೇ ಸಾಲದು ಎಂಬುದು ಇವರಿಗೂ ಗೊತ್ತಿದೆ.

ಬೆಂಗಳೂರಿನಲ್ಲಿ 2024ರ ಅಕ್ಟೋಬರ್ ಮಳೆ ಜೋರಾಗಿಯೇ ಇತ್ತು. ಮೇಷ್ಟ್ರ ಮನೆಯೊಳಗೆ ನೀರು ಬರಲಿಲ್ಲ. ಆದರೆ ಮುಂದಿನ ರಸ್ತೆಯಲ್ಲಿ ಮೊಣಕಾಲುದ್ದ ನಿಂತಿತು. ಕಾರಣ, ನನ್ನ ಕೆಳಗಿನ ಸೈಟಿನಲ್ಲೂ ಅದೇ ಎರಡು ಗೆರೆಗಳಿವೆ, ಅಲ್ಲೂ ಆರು ಅಡಿ ಗೋಡೆ ಇದೆ. ಅದರ ಮಾಲೀಕರೂ ಹೊರದೇಶದಲ್ಲಿದ್ದಾರಂತೆ. ನಮ್ಮ ಸಂಘದವರೇ ಆಗಿದ್ದರೂ ಆಶ್ಚರ್ಯವಿಲ್ಲ!

ಆದ್ದರಿಂದ ಒಂದು ಕೋರಿಕೆ. ಊರಲ್ಲಿ ಸೈಟು ಇರುವವರು, ಕೊಳ್ಳಲಿರುವವರು ಬಣ್ಣದ ನಕ್ಷೆಯ ಜೊತೆಗೆ ಗ್ರಾಮನಕ್ಷೆಯನ್ನೂ ಒಮ್ಮೆ ನೋಡಿ. ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರಿನ ಮೇಲೆ ಕೆರೆ ಕಾಲುವೆಗಳು ಕಾಣುತ್ತವೆ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಅದು ಕಾಲುವೆ, ದಾರಿಯಂಥ ಸಾರ್ವಜನಿಕ ಜಾಗ ಎಂದು ತಿಳಿಯಿರಿ. ಕಾಲುವೆಯಿಂದ ಎಷ್ಟು ಮೀಟರ್ ಬಿಡಬೇಕು ಎಂಬ ನಿಯಮವನ್ನು 2016ರಲ್ಲಿ ಹಸಿರು ನ್ಯಾಯಮಂಡಳಿ ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ನಿಯಮ ಹಿಂದೆ ಮುಂದೆ ಆಗುತ್ತಿರುತ್ತದೆ. ಮಳೆ ಅದನ್ನು ಓದಿಕೊಂಡು ಬರುವುದಿಲ್ಲ.

ಕೊನೆಯದಾಗಿ, ದಸರಾ ಸಂಚಿಕೆಯಾದ್ದರಿಂದ ಒಂದು ಸಂತೋಷದ ವಿಷಯ. ಈ ದೇಶದ ರಾಷ್ಟ್ರವೃಕ್ಷ ‘ಗಾಫ್’. 2019ರ ಸಹಿಷ್ಣುತೆಯ ವರ್ಷಕ್ಕೆ ಅದನ್ನೇ ಲಾಂಛನ ಮಾಡಿಕೊಂಡಿದ್ದರು. ಅದು ಬೇರಾವುದೂ ಅಲ್ಲ, ನಮ್ಮ ಬನ್ನಿ ಮರ. ಬಹಳ ಆಳಕ್ಕೆ ಬೇರು ಇಳಿಸಿ, ಯಾರೂ ನೀರು ಹಾಕದ ಮರಳಿನಲ್ಲಿ ಹಸಿರಾಗಿ ನಿಲ್ಲುತ್ತದೆ. ಅಲ್ ವತ್ಬಾದಿಂದ ವಾಪಸು ಬರುವಾಗ ದಾರಿಬದಿ ಒಂದು ಗಾಫ್ ಮರ ಕಂಡು ಅವ್ವ ಕಾರು ನಿಲ್ಲಿಸಲು ಹೇಳಿದಳು. ಇಳಿದು ಅದರ ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಂಡು, ನೆರಳಿನಲ್ಲಿ ಕೂತು, ಉಳಿದ ಮೊಸರನ್ನವನ್ನು ಕೇಳಿ ಹಾಕಿಸಿಕೊಂಡಳು.

"ಆ ಹಕ್ಕಿ ನೀರು ಹೊಲಸು ಮಾಡಿದ್ದಿಲ್ಲ ಬಿಡು" ಎಂದಳು. "ಮಾಡಿದವರು ನಾವು."

ಎಲ್ಲ ಸದಸ್ಯ ಕುಟುಂಬಗಳಿಗೂ ನಮ್ಮ ಕಡೆಯ ಮಾತಿನಲ್ಲಿ ಹಬ್ಬದ ಶುಭಾಶಯ: ಬನ್ನಿ ತಗೊಂಡು ಬಂಗಾರದ ಹಾಂಗ ಇರೋಣ.